ಪ್ಲಮ್ ಹೂವಿಗೆ ಹೊದಿಸಿದ ಸೀರೆ

ನ್ಯೂಮಾರ್ಕೆಟ್
ಏಪ್ರಿಲ್ ೧೮, ೨೦೨೫

ಆಶಾ,

ಕ್ಷೇಮ ಅಂತ ಬರೆದು ಶುರು ಮಾಡುವುದಿಲ್ಲ. ಕ್ಷೇಮ ಇದ್ದಿದ್ದರೆ ನೀನು ಸಡ್ಬರಿಯ ಆಚೆ ಆ ಕಾಡಿನಲ್ಲಿ, ಕುಡಿಯುವುದು ಬಿಡಿಸುವ ಮನೆಯಲ್ಲಿ ಯಾಕೆ ಇರುತ್ತಿದ್ದೆ? ನಾನು ಈ ಪರದೇಶದಲ್ಲಿ ನಿನ್ನ ಮನೆಯಲ್ಲಿ ಒಬ್ಬನೇ ಕೂತು ರೊಟ್ಟಿ ಯಾಕೆ ಬಡಿದುಕೊಳ್ಳುತ್ತಿದ್ದೆ?

ವಾರಕ್ಕೊಮ್ಮೆ ಫೋನ್ ಮಾಡಲು ಬಿಡುತ್ತಾರಂತೆ. ನೀನು ಮಾಡುವುದಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಏನಂದೆ? "ಅಪ್ಪಾ, ಫೋನಿನಾಗ ನೀ ಒದರ್ತಿ, ನಾ ಅಳ್ತೀನಿ. ಪತ್ರ ಬರಿ." ಸರಿ, ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಗಜೇಂದ್ರಗಡದಲ್ಲಿ ಮಗ್ಗದ ಕುಣಿಗೆ ಇಳಿದವನು ನಾನು. ಅಕ್ಷರ ಸೊಟ್ಟ ಇದ್ದರೆ ಸೊಟ್ಟವೇ ಓದಿಕೊ.

ಹಿತ್ತಲಿನ ಪ್ಲಮ್ ಗಿಡಗಳಿಗೆ ಮೊಗ್ಗು ಬಂದಿವೆ. ಮೊದಲ ಸಲ ಕುಡಿಯುವುದು ಬಿಟ್ಟ ವರ್ಷ ನೆಟ್ಟೆಯಲ್ಲ, ಆಗ ಬರೀ ಕೋಲು. ಈಗ ನನ್ನ ತಲೆ ಮೀರಿ ಬೆಳೆದಿವೆ. ನೀನು ಮತ್ತೆ ಕುಡಿಯಲು ಹತ್ತಿದೆ, ಅವು ತಮ್ಮ ಪಾಡಿಗೆ ಬೆಳೆದವು. ಕೊಂಬೆ ತುಂಬ ಮೊಗ್ಗು. ಇನ್ನೂ ಬಿಗಿಯಾಗಿವೆ.

ಪಕ್ಕದ ಮನೆಯ ಮೈಸೂರಿನ ರಾಜಲಕ್ಷ್ಮಿ ಬೇಲಿಯ ಮೇಲೆ ತಲೆ ಇಟ್ಟು ಕೇಳಿದರು.

"ಆಶಾಲತಾ ಕಾಣಿಸ್ತಾನೇ ಇಲ್ವಲ್ಲ ಕಳಕಪ್ಪನೋರೇ?"

"ಕಂಪನಿ ಟ್ರೇನಿಂಗಿಗೆ ಹೋಗ್ಯಾಳ್ರಿ."

"ಇಷ್ಟು ದಿನಾನಾ?"

"ದೊಡ್ಡ ಕಂಪನಿರಿ. ದೊಡ್ಡ ಟ್ರೇನಿಂಗು."

ಎಪ್ಪತ್ತು ದಾಟಿದ ಮೇಲೆ ನನ್ನ ಬಾಯಿಯಿಂದ ಸುಳ್ಳು ಆಡಿಸಿದೆ. ಇರಲಿ. ಯಾವಾಗ ಬರುತ್ತೀ ಅದನ್ನು ಬರಿ. ಉಳಿದ ಪುರಾಣ ಬೇಡ.

ಅಪ್ಪ

*

ಏಪ್ರಿಲ್ ೨೭, ೨೦೨೫

ಅಪ್ಪಾ,

ಪತ್ರ ಬಂತು. ಇಲ್ಲಿ ಲಕೋಟೆಯನ್ನು ಆಫೀಸಿನವರ ಎದುರಿಗೇ ಒಡೆಯಬೇಕು, ಒಳಗೆ ಬೇರೆ ಏನಾದರೂ ಇದ್ದೀತು ಅಂತ. ಒಡೆದ ಕೂಡಲೇ ಮೇಜಿನ ಮೇಲೆ ಬಿಳಿ ಪುಡಿ ಉದುರಿತು. ಆಫೀಸಿನ ಹುಡುಗಿ ಬೆಚ್ಚಿ ಹಿಂದೆ ಸರಿದಳು. ಜೋಳದ ಹಿಟ್ಟು! ರೊಟ್ಟಿ ಬಡಿದ ಕೈಯಲ್ಲೇ ಬರೆದಿದ್ದೀ. ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ನಕ್ಕು ನಕ್ಕು ಹೊಟ್ಟೆ ನೋಯಿತು. ಇಲ್ಲಿಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲು.

ಯಾವಾಗ ಬರುತ್ತೀ ಅಂತ ಕೇಳಿದ್ದೀ. ಇಲ್ಲಿಯ ಕೌನ್ಸೆಲರ್ ಮೇಡಂ ಕೂಡ ಕೇಳುತ್ತಾರೆ, ಕುಡಿತ ಬಿಟ್ಟು ಮನೆಗೆ ಯಾತಕ್ಕಾಗಿ ಹೋಗುತ್ತೀ ಅಂತ. ಗಂಡ ಬಿಟ್ಟುಹೋಗಿ ಆಯಿತು. ಕೆಲಸ ನೆನೆಸಿಕೊಂಡರೆ ಏನೂ ಅನಿಸುವುದಿಲ್ಲ. ನಿನ್ನ ಹೆಸರು ಹೇಳೋಣ ಅಂದರೆ, ಸಿಟ್ಟಾಗಬೇಡ ಅಪ್ಪಾ, ನಿನ್ನ ಮುಖ ನೆನಪಾದರೆ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಆಗುತ್ತದೆ, ಕುಡಿಯಬೇಕು ಅನಿಸುತ್ತದೆ. ಅದಕ್ಕೆ ಪ್ಲಮ್ ಗಿಡ ಅಂದೆ. ಈ ವರ್ಷ ಮೊದಲ ಸಲ ಕಾಯಿ ಕಚ್ಚುತ್ತವೆ, ಅದನ್ನು ನೋಡಲು ಹೋಗುತ್ತೇನೆ ಅಂದೆ. ಇಲ್ಲಿಯ ಅವಧಿ ಜೂನ್ ನಡುವೆ ಮುಗಿಯುತ್ತದೆ. ಅಲ್ಲಿಯವರೆಗೆ ಇಲ್ಲಿ ಉಳಿಯಲು ನನ್ನ ಹತ್ತಿರ ಇರುವುದು ಅದೊಂದೇ.

ಆದ್ದರಿಂದ ಇದನ್ನು ಗಮನವಿಟ್ಟು ಓದು. ಮೇ ತಿಂಗಳಲ್ಲಿ ಹೂ ಬಿರಿದಾಗ ಒಂದೆರಡು ದಿನ ಫ್ರಾಸ್ಟ್ ಬೀಳುತ್ತದೆ, ನಮ್ಮ ಕಡೆಯ ಇಬ್ಬನಿಯೇ ಗಟ್ಟಿಯಾಗಿ ಉಪ್ಪಿನ ಹಾಗೆ ಕೂತಂತೆ. ಅಂಥ ದಿನ ಸಂಜೆ ಬುಡದ ಮಣ್ಣಿಗೆ ಚೆನ್ನಾಗಿ ನೀರು ಬಿಡು. ಪ್ರತಿ ಗಿಡದ ಸುತ್ತ ಗಿಡಕ್ಕಿಂತ ಎತ್ತರದ ಗೂಟ ನೆಡು. ಗೂಟದ ಮೇಲೆ ದಪ್ಪ ಚಾದರ ಹಾಕು, ಡೇರೆಯ ಹಾಗೆ. ಅದು ನೆಲದವರೆಗೂ ಇಳಿಯಬೇಕು, ಯಾಕೆಂದರೆ ನೆಲದ ಬಿಸಿಯೇ ಹೂವನ್ನು ಕಾಯುವುದು. ಬಟ್ಟೆ ಹೂವಿಗೆ ತಾಗಬಾರದು. ತಾಗಿದ ಕಡೆ ಹೂ ಚಳಿಗೆ ಸುಟ್ಟುಹೋಗುತ್ತದೆ. ಗೂಟ, ಚಾದರ ಎಲ್ಲ ಗ್ಯಾರೇಜಿನಲ್ಲಿವೆ.

ನಿನಗೆ ಯಾರಾದರೂ ಹೇಳಿಕೊಟ್ಟರೆ ಆಗುವುದಿಲ್ಲ, ಗೊತ್ತು. ಈ ಒಂದು ಸಲ ಕೇಳು.

ಆಶಾ

*

ನ್ಯೂಮಾರ್ಕೆಟ್
ಮೇ ೫, ೨೦೨೫

ಆಶಾ,

ನನ್ನ ಮುಖ ನೆನೆದರೆ ಕುಡಿಯಬೇಕು ಅನಿಸುತ್ತದೆ ಅಂತ ಬರೆದಿದ್ದೀ. ಒಳ್ಳೆಯದು. ನಿನ್ನನ್ನು ಓದಿಸಿ ಎಂಜಿನಿಯರ್ ಮಾಡಿದ ಮುಖ ಇದು. ಮಗ್ಗದ ಮುಂದೆ ಬಾಗಿ ಬಾಗಿ ಗೂನಾದ ಮೈ ಇದು. ನೆನೆಯಬೇಡ ಹಾಗಾದರೆ. ಗಿಡವನ್ನೇ ನೆನೆ.

ಹೂ ಬಿರಿದಿವೆ. ಎಲೆ ಕಾಣುವುದಿಲ್ಲ, ಬರೀ ಬಿಳಿ. ಅರಳೆ ಹಿಂಜಿ ಒಗೆದಂತೆ. ಜೇನುಹುಳ ಬಂದು ಹೋಗುತ್ತಿವೆ. ಸಂಜೆ ಚಳಿ ಇದೆ.

ಬಟ್ಟೆಯ ವಿಷಯ ನನಗೆ ಕಲಿಸಬೇಡ. ನಮ್ಮ ಕಡೆ ಹಿಂಗಾರಿ ಕಡಲೆ ಹೂವಾಡಿದಾಗ ಏನು ಮಾಡುತ್ತಿದ್ದೆವು, ನಿನಗೆ ಗೊತ್ತಿಲ್ಲ. ಸಂಜೆ ನಾನೂ ನನ್ನ ಅವ್ವ, ನಿಮ್ಮ ಆಯಿಯೂ ಹೊಲಕ್ಕೆ ಹೋಗಿ ತೆಳ್ಳನ ಧೋತರ ಕಡಲೆ ಗಿಡದ ಮೇಲೆ ಹಾಸಿ ಬರುತ್ತಿದ್ದೆವು. ಮುಂಜಾನೆ ಹೋದರೆ ಇಬ್ಬನಿಯೆಲ್ಲ ಬಟ್ಟೆಗೆ ಬಂದಿರುತ್ತಿತ್ತು. ಹಿಂಡಿ ಗಡಿಗೆಗೆ ತುಂಬಿಕೊಳ್ಳುವುದು. ಅದೇ ಕಡಲೆ ಹುಳಿ, ಹೊಟ್ಟೆನೋವಿಗೆ ಮದ್ದು. ಬಟ್ಟೆ ತೊಪ್ಪೆಯಾಗಿರುತ್ತಿತ್ತು, ಕೆಳಗಿನ ಗಿಡಕ್ಕೆ ಹನಿ ಇಬ್ಬನಿ ಇರುತ್ತಿರಲಿಲ್ಲ. ಫ್ರಾಸ್ಟ್ ಅಂದರೆ ಗಟ್ಟಿ ಇಬ್ಬನಿ ಅಂತ ನೀನೇ ಬರೆದಿದ್ದೀ. ಮತ್ತೇನು? ತೆಳ್ಳನ ನೂಲಿನ ಬಟ್ಟೆ ಹೂವಿನ ಮೇಲೆ ಮೈಗೆ ಮೈ ಹತ್ತಿಸಿ ಹಾಸಿದರೆ ಬೀಳುವ ಇಬ್ಬನಿಯನ್ನೆಲ್ಲ ಅದೇ ಕುಡಿಯುತ್ತದೆ. ಹೂ ಒಣಗಿಯೇ ಇರುತ್ತದೆ. ತಾಗಬಾರದಂತೆ! ತಾಗದಿದ್ದರೆ ಬಟ್ಟೆ ಹೀರುವುದು ಹೇಗೆ?

ಗೂಟ ಬೇಕಿಲ್ಲ. ಚಾದರ ಬೇಕಿಲ್ಲ. ಇದು ನನ್ನ ಕಸುಬು.

ಅಪ್ಪ

*

ನ್ಯೂಮಾರ್ಕೆಟ್
ಮೇ ೧೦, ೨೦೨೫

ಆಶಾ,

ಉಳಿಸಿದೆ.

ನಿನ್ನೆ ಮಧ್ಯಾಹ್ನ ರಾಜಲಕ್ಷ್ಮಿ ಫೋನ್ ಹಿಡಿದುಕೊಂಡು ಓಡಿ ಬಂದರು. ಬೆಳಗಿನ ಜಾವ ಮೈನಸ್ ಮೂರು ಅಂತೆ. ನಾನು ಮೇಲಿನ ಕಪಾಟಿನಿಂದ ನಿನ್ನ ಅವ್ವನ ನೂಲಿನ ಸೀರೆ ತೆಗೆದೆ. ನಾನೇ ನೇಯ್ದವು. ಉಟ್ಟು ಉಟ್ಟು ಮೆತ್ತಗಾಗಿವೆ, ನೀರು ಕಂಡರೆ ಬಿಡುವುದಿಲ್ಲ. ಒಂದೊಂದು ಗಿಡಕ್ಕೆ ಒಂದೊಂದು. ಗಾಳಿಗೆ ಹಾರದಂತೆ ಸೆರಗು ಕೊಂಬೆಗೆ ಸುತ್ತಿ, ಮತ್ತೊಂದು ತುದಿಯನ್ನು ಕಾಂಡಕ್ಕೆ ಬಿಗಿದು ಕಟ್ಟಿದೆ.

ಬೇಲಿಯ ಆಚೆಯಿಂದ ಆಯಮ್ಮ, "ಇದೇನ್ರೀ ಇದು, ಮರಕ್ಕೆ ಸೀರೆ ಉಡಿಸ್ತಿದ್ದೀರಾ?" ಅಂದರು.

"ನಿಮ್ಮ ಮೈಸೂರಾಗ ದಸರಾಕ್ಕ ಆನಿಗೆ ಜರತಾರಿ ಹೊಚ್ಚಂಗಿಲ್ಲೇನ್ರಿ? ಹಂಗ."

"ತಮಾಷೆ ಅಲ್ಲ. ಹೂವಿಗೆ ತಾಗ್ತಾ ಇದೆ ನೋಡಿ. ಕೆಳಗಡೆ ಪೂರ್ತಿ ಖಾಲಿ. ನೆಲದವರೆಗೂ ಇಳೀಬೇಕಂತೆ, ನಮ್ಮನೆಯವರು ಯೂಟ್ಯೂಬಲ್ಲಿ ನೋಡಿ..."

"ನಿಮ್ಮ ಮನಿಯವ್ರು ನೋಡಲಿ ಬಿಡ್ರಿ. ನಾ ಮಾಡ್ತೀನಿ."

ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದರು.

ಬೆಳಗಾದ ಮೇಲೆ ಬಾಗಿಲು ತೆಗೆದೆ. ಹುಲ್ಲೆಲ್ಲ ಬೆಳ್ಳಗೆ, ಕಾಲಿಟ್ಟರೆ ಕರಕರ ಅನ್ನುತ್ತಿತ್ತು. ಎದುರು ಮನೆಯವರ ಟ್ಯುಲಿಪ್ ಹೂವೆಲ್ಲ ಮಕಾಡೆ ಮಲಗಿದ್ದವು. ನಾನು ಅಂದಂತೆಯೇ ಆಗಿತ್ತು, ಸೀರೆ ಇಬ್ಬನಿಯನ್ನೆಲ್ಲ ಕುಡಿದಿತ್ತು. ಕುಡಿದು ಹಪ್ಪಳದಂತೆ ಸೆಟೆದು ನಿಂತಿತ್ತು. ಹೂವಿಗೆ ಅಂಟಿಕೊಂಡು ಬಿಡಲೊಲ್ಲದು. ಉಗುರುಬೆಚ್ಚಗಿನ ನೀರು ತಂದು ಹೊಯ್ದು ಹೊಯ್ದು ಬಿಡಿಸಿದೆ. ಹಸಿರು ದಡಿಯದು ಒಂದು ನಡುವೆ ಹರಿಯಿತು. ಹರಿದರೆ ಹರಿಯಲಿ. ಹೂ ನೋಡಿದೆ. ಒಂದಷ್ಟು ದಳ ಉದುರಿದವು, ಉಳಿದವೆಲ್ಲ ಹಾಗೇ ಇವೆ, ಬೆಳ್ಳಗೆ, ನೆಟ್ಟಗೆ. ಬಿಸಿಲು ಬಿದ್ದ ಮೇಲೆ ರಾಜಲಕ್ಷ್ಮಿಯನ್ನು ಕರೆದು ತೋರಿಸಿದೆ. ಅವರು ಒಂದು ಹೂ ಮುಟ್ಟಿ ನೋಡಿ ಮನೆಗೆ ನಡೆದರು.

ನಾನು ಬಾಯಿಬಿಟ್ಟು ಹೇಳುವವನಲ್ಲ, ಬರೆಯುತ್ತೇನೆ. ನಿನ್ನ ಸಲುವಾಗಿ ಮಾಡಿದೆ. ನಿನ್ನ ಅವ್ವ ಇದ್ದಿದ್ದರೆ ಸೀರೆ ಅವಳೇ ತೆಗೆದುಕೊಡುತ್ತಿದ್ದಳು. ಇನ್ನು ಅವಧಿ ಮುಗಿಸಿ ಬಾ.

ಅಪ್ಪ

*

ನ್ಯೂಮಾರ್ಕೆಟ್
ಮೇ ೧೫, ೨೦೨೫

ಆಶಾ,

ಎಲ್ಲ ಹೋಯಿತು. ಒಂದೂ ಉಳಿದಿಲ್ಲ.

ಇವತ್ತು ರಾಜಲಕ್ಷ್ಮಿ ಬಂದು ಗಿಡದ ಸುತ್ತ ತಿರುಗಿದರು. ಒಂದು ಹೂ ಕಿತ್ತು, ಉಗುರಿನಿಂದ ಬಿಡಿಸಿ, ಅಂಗೈ ಮೇಲೆ ಇಟ್ಟು ತೋರಿಸಿದರು. "ಕಳಕಪ್ಪನೋರೇ, ಬೇಜಾರು ಮಾಡ್ಕೋಬೇಡಿ. ನಡುವೆ ಈ ಕಡ್ಡಿ ಇದೆಯಲ್ಲ, ಇದೇ ಕಾಯಾಗೋದು. ಹಸಿರಾಗಿರಬೇಕಿತ್ತು." ಕಪ್ಪಗಿತ್ತು. ಸುಟ್ಟ ಬತ್ತಿಯ ಹಾಗೆ. ನಾನು ಇನ್ನೊಂದು ಕಿತ್ತೆ. ಕಪ್ಪು. ಮೇಲಿನ ಕೊಂಬೆಯದು, ಕೆಳಗಿನ ಕೊಂಬೆಯದು, ಬೇಲಿ ಕಡೆಯ ಗಿಡದ್ದು, ಎಲ್ಲ ಬಿಡಿಸಿ ಬಿಡಿಸಿ ನೋಡಿದೆ. ಹೊರಗೆ ದಳ ಬೆಳ್ಳಗೆ, ಒಳಗೆ ಕಪ್ಪು. ಇಷ್ಟು ದಿನ ಸತ್ತ ಹೂ ನೋಡಿಕೊಂಡು ಖುಷಿಪಡುತ್ತಿದ್ದೆ.

"ಆವತ್ತೇ ಹೇಳಿದ್ದೆ" ಅಂತ ಆಯಮ್ಮ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಇದು ಯಾರ ತಪ್ಪು? ಗಿಡ ನೆಟ್ಟವಳು ಯಾರು? ಫ್ರಾಸ್ಟ್ ಬೀಳುವ ಊರಿನಲ್ಲಿ ಹೂವಿನ ಗಿಡ ನೆಟ್ಟು, ಹೂ ಬಿಡುವ ಹೊತ್ತಿಗೆ ಎದ್ದು ಹೋದವಳು ಯಾರು? ನೀನು ಸೆರೆ ಕುಡಿಯದೇ ನೆಟ್ಟಗೆ ಇದ್ದಿದ್ದರೆ ನಿನ್ನ ಗಿಡ ನೀನೇ ಕಾಯುತ್ತಿದ್ದೆ. ಅದೂ ಸುಳ್ಳು. ಇಲ್ಲಿ ಇದ್ದಿದ್ದರೂ ಏನು ಕಾಯುತ್ತಿದ್ದೆ? ಗ್ಯಾರೇಜಿನಲ್ಲಿ ಬಾಟ್ಲಿ ಹಿಡಿದು ಬಿದ್ದಿರುತ್ತಿದ್ದೆ. ಹೂ ಸತ್ತದ್ದೂ ನಿನಗೆ ಗೊತ್ತಾಗುತ್ತಿರಲಿಲ್ಲ.

ಈಗ ಯಾವ ನೆಪ ಹೇಳುತ್ತೀಯೋ ಹೇಳಿಕೊ.

ಅಪ್ಪ

*

ಮೇ ೧೬, ೨೦೨೫

ಅಪ್ಪಾ,

ನೀನು ಹತ್ತನೇ ತಾರೀಖು ಬರೆದದ್ದು ಇವತ್ತು ಸಿಕ್ಕಿತು. ಬಹಳ ಖುಷಿಯಾಯಿತು. ಇಂಗ್ಲಿಷಿಗೆ ತಿರುಗಿಸಿ ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆನೆಯ ಮಾತಿಗೆ ಎಲ್ಲರೂ ನಕ್ಕರು. ನಮ್ಮ ಗುಂಪಿನಲ್ಲಿ ಒಬ್ಬಳು ಲಾರಿ ಓಡಿಸುವವಳಿದ್ದಾಳೆ, ಯಾರ ಹತ್ತಿರವೂ ಮಾತಾಡದವಳು. ಅವಳು, "ನಿಮ್ಮಪ್ಪ ಹೆಂಡತಿಯ ಸೀರೆಯನ್ನೇ ಗಿಡಕ್ಕೆ ಹಾಕಿದರಾ?" ಅಂತ ಮತ್ತೆ ಮತ್ತೆ ಕೇಳಿದಳು.

ನಿನ್ನ ಸಲುವಾಗಿ ಮಾಡಿದೆ ಅಂತ ಬರೆದಿದ್ದೀ. ಆ ಒಂದು ಸಾಲನ್ನು ಹಾಳೆಯಿಂದ ಹರಿದು ದಿಂಬಿನ ಕವರಿನಲ್ಲಿ ಇಟ್ಟುಕೊಂಡಿದ್ದೇನೆ.

ಅವ್ವನ ಹಸಿರು ದಡಿಯ ಸೀರೆ ಹರಿದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬಂದ ಮೇಲೆ ಹೊಲಿಯುತ್ತೇನೆ. ಹೂ ಉಳಿದವಲ್ಲ, ಅಷ್ಟು ಸಾಕು. ಮೇಡಂಗೆ ಹೇಳಿದ್ದೇನೆ, ಅವಧಿ ಪೂರ್ತಿ ಮುಗಿಸುತ್ತೇನೆ ಅಂತ. ನೀನು ರೊಟ್ಟಿಯ ಜೊತೆ ಏನಾದರೂ ಪಲ್ಯ ಮಾಡಿಕೊಂಡು ಉಣ್ಣು. ಬರೀ ಚಟ್ನಿಪುಡಿ ಕಲಸಿಕೊಂಡು ಕೂರಬೇಡ.

ಆಶಾ

*

ನ್ಯೂಮಾರ್ಕೆಟ್
ಮೇ ೨೨, ೨೦೨೫

ಆಶಾ,

ನಿನ್ನ ಖುಷಿಯ ಪತ್ರ ಇವತ್ತು ಬಂತು. ಬೀದಿಯ ತುದಿಯ ಪೋಸ್ಟ್ ಡಬ್ಬಿಯ ಹತ್ತಿರವೇ ನಿಂತು ಓದಿದೆ. ಓದಿ ಅಲ್ಲೇ ಕಟ್ಟೆಯ ಮೇಲೆ ಕೂತೆ.

ಹದಿನೈದನೇ ತಾರೀಖು ನಾನು ಇನ್ನೊಂದು ಬರೆದಿದ್ದೇನೆ. ಅದು ಬಂದಿದ್ದರೆ ಒಡೆಯಬೇಡ. ಆಫೀಸಿನವರ ಎದುರಿಗೆ ಒಡೆಯಬೇಕು ಅಂದೆಯಲ್ಲ, ಒಡೆದಿದ್ದರೆ ಓದಬೇಡ, ಒಲೆಗೆ ಹಾಕು. ಇದು ಅದರ ಹಿಂದೆ ಬರುತ್ತದೆ ಅಂತ ಗೊತ್ತಿದೆ. ಮೊದಲು ಹಾಕಿದ್ದು ಮೊದಲು ಮುಟ್ಟುತ್ತದೆ. ಗೊತ್ತಿದ್ದರೂ ಬರೆಯುತ್ತಿದ್ದೇನೆ. ಅದಕ್ಕಿಂತ ಹೆಚ್ಚು ನನಗೇನು ಬರುತ್ತದೆ?

ರಾಜಲಕ್ಷ್ಮಿಯ ಮನೆಗೆ ಹೋಗಿ, "ಹಾಕಿದ ಪತ್ರ ವಾಪಸ್ ತರಸಾಕ ಬರತೈತೇನ್ರಿ?" ಅಂತ ಕೇಳಿದೆ. "ಹಾಗೆಲ್ಲ ಆಗಲ್ಲ ಕಳಕಪ್ಪನೋರೇ. ಫೋನ್ ಮಾಡಿ ಮಾತಾಡಿಬಿಡಿ" ಅಂದರು. ನೀನು ಟ್ರೇನಿಂಗಿನಲ್ಲಿ ಇದ್ದೀಯಲ್ಲ, ಯಾವ ನಂಬರಿಗೆ ಅಂತ ಹೇಳಲಿ? ಎದ್ದು ಬಂದೆ.

ಓದಿಬಿಟ್ಟಿದ್ದರೆ ಇದನ್ನೂ ಓದು. ಗೂಟ ನೆಡಲಾರದ್ದಕ್ಕೆ ಕಡಲೆ ಹೊಲದ ಕಥೆ ಹೇಳಿದೆ. ಕಥೆ ಖರೆ, ಹುಳಿ ಹಿಂಡಿದ್ದು ಖರೆ. ಆದರೆ ನೀನು ಹೇಳಿದಂತೆ ಮಾಡಲು ಗ್ಯಾರೇಜಿನ ಬಾಗಿಲು ತೆಗೆಯಬೇಕಿತ್ತು. ನೀನು ಕುಡಿದು ಎಚ್ಚರ ತಪ್ಪಿ ಅಲ್ಲಿ ನೆಲದ ಮೇಲೆ ಬಿದ್ದದ್ದನ್ನು ಕಂಡ ದಿನದಿಂದ ನಾನು ಒಳಗೆ ಹೋಗಿಲ್ಲ. ಹಿಡಿಕೆಗೆ ಕೈ ಹಾಕುತ್ತೇನೆ, ತಿರುಗಿ ಬರುತ್ತೇನೆ. ಆ ಸಂಜೆಯೂ ಹಾಕಿದೆ. ತಿರುಗಿ ಬಂದು ಕಪಾಟು ತೆಗೆದೆ. ಇದ್ದದ್ದು ಇಷ್ಟು.

ಅಲ್ಲಿಂದ ಕದಲಬೇಡ.

ಅಪ್ಪ

*

ನ್ಯೂಮಾರ್ಕೆಟ್
ಮೇ ೩೧, ೨೦೨೫

ಆಶಾ,

ನಿನ್ನ ಉತ್ತರ ಇಲ್ಲ. ದಿನಾ ಡಬ್ಬಿಯ ಬೀಗ ತೆಗೆದು ಕೈ ಹಾಕಿ ನೋಡುತ್ತೇನೆ. ಪಿಜ್ಜಾದ ಕಾಗದ, ಹಲ್ಲಿನ ಡಾಕ್ಟರನ ಕಾಗದ.

ನಿನ್ನೆ ತಡೆಯಲಾರದೆ ರಾಜಲಕ್ಷ್ಮಿಯ ಮುಂದೆ ನೀನಿರುವ ಆ ಮನೆಯ ಆಫೀಸಿನ ನಂಬರ್ ಇಟ್ಟೆ. "ಟ್ರೇನಿಂಗ್ ಅಲ್ಲರಿ ಅದು. ಕುಡಿತ ಬಿಡಸೋ ಮನಿ" ಅಂದೆ. ಇಂಥ ಮಾತು ನನ್ನ ಬಾಯಿಂದ ಬಂದಾಗ ನೆಲ ನೋಡುತ್ತಿದ್ದೆ.

"ಗೊತ್ತು" ಅಂದರು.

"ಏನ್ ಗೊತ್ತು?"

"ಚಳಿಗಾಲದಿಂದಲೇ ಗೊತ್ತು. ರೀಸೈಕ್ಲಿಂಗ್ ಕಸದ ಲಾರಿ ಬಂದ ದಿನ ನಿಮ್ಮ ಡಬ್ಬಿ ಸುರಿದರೆ ಬೀದಿಗೆಲ್ಲ ಖಾಲಿ ಬಾಟಲಿ ಗಾಜಿನ ಸದ್ದು ಕೇಳ್ತಿತ್ತು. ನೀವೇ ಹೇಳ್ಲಿ ಅಂತ ಸುಮ್ಮನಿದ್ದೆ."

ಅವರೇ ಫೋನ್ ಹಚ್ಚಿದರು. ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು, ನೀನು ಹೋದ ವಾರವೇ ಬ್ಯಾಗು ತುಂಬಿಕೊಂಡು ಹೊರಟುಹೋದೆಯಂತೆ. ತಾನಾಗಿ ಹೋಗುವವರನ್ನು ಹಿಡಿದಿಡಲು ಅವರಿಗೆ ಬರುವುದಿಲ್ಲವಂತೆ. ಎಲ್ಲಿಗೆ ಅಂತ ಹೇಳಲಿಲ್ಲವಂತೆ. ನಿನ್ನ ಮೊಬೈಲಿಗೂ ಹಚ್ಚಿದರು. ಬಂದ್ ಇದೆ.

ಬೇರೆ ವಿಳಾಸ ಗೊತ್ತಿಲ್ಲ. ಇದನ್ನು ಆ ಮನೆಗೇ ಹಾಕುತ್ತೇನೆ. ಯಾರಾದರೂ ಮುಂದೆ ಕಳಿಸಿದರೆ ಕಳಿಸಲಿ. ಜೀವಂತ ಇದ್ದೇನೆ ಅಂತ ಒಂದು ಸಾಲು ಹಾಕು. ಸಿಟ್ಟು ಇದ್ದರೂ ಹಾಕು.

ಅಪ್ಪ

*

ಸಡ್ಬರಿ
ಜೂನ್ ೬, ೨೦೨೫

ಅಪ್ಪಾ,

ಇದ್ದೇನೆ. ಆ ಲಾರಿ ಓಡಿಸುವವಳ ಮನೆ ಸಡ್ಬರಿಯಲ್ಲಿದೆ. ಅವಳು ನನಗಿಂತ ಮೊದಲೇ ಬಿಟ್ಟುಬಂದಿದ್ದಳು. ಅವಳ ಬೇಸ್‌ಮೆಂಟಿನಲ್ಲಿ ಒಂದು ಹಾಸಿಗೆ ಕೊಟ್ಟಿದ್ದಾಳೆ. ನೀನು ಆಮೇಲೆ ಬರೆದ ಎರಡನ್ನೂ ಅಲ್ಲಿಯ ಆಫೀಸಿನ ಹುಡುಗಿ ಇಲ್ಲಿಗೆ ಕಳಿಸಿದಳು.

ನಿಜ ಬರೆಯುತ್ತೇನೆ. ಹೂ ಹೋದದ್ದು ನನಗೆ ಮೊದಲೇ ಗೊತ್ತಿತ್ತು. ಸೀರೆ ಹಪ್ಪಳದಂತೆ ಸೆಟೆದು ಹೂವಿಗೆ ಅಂಟಿತ್ತು ಅಂತ ಖುಷಿಯಿಂದ ಬರೆದಿದ್ದೆಯಲ್ಲ, ಆ ಸಾಲು ಓದುವಾಗಲೇ ತಿಳಿಯಿತು. ಅಷ್ಟು ಚಳಿ ಮೈಗೆ ಹತ್ತಿದ ಮೇಲೆ ಯಾವ ಹೂವೂ ಉಳಿಯುವುದಿಲ್ಲ. ಆದರೆ ಅದರ ಕೆಳಗೆ ನಿನ್ನ ಸಲುವಾಗಿ ಮಾಡಿದೆ ಅಂತ ಇತ್ತು. ನನ್ನ ನಲವತ್ತು ವರ್ಷದಲ್ಲಿ ನೀನು ಅಂಥ ಮಾತು ಅಂದಿರಲಿಲ್ಲ. ಹೂ ಸತ್ತಿವೆ ಅಂತ ಹೇಗೆ ಬರೆಯಲಿ? ಅದಕ್ಕೆ ಖುಷಿಯಾಯಿತು ಅಂತ ಬರೆದೆ. ಎಲ್ಲರ ಮುಂದೆಯೂ ಓದಿದೆ. ಗಿಡ ಹೋದರೂ ಈ ಮಾತು ಇದೆಯಲ್ಲ, ಇದನ್ನೇ ಹಿಡಿದುಕೊಂಡು ಜೂನ್ ತನಕ ಇರಬಹುದು ಅಂದುಕೊಂಡೆ. ಇದ್ದೆ ಕೂಡ.

ಆಮೇಲೆ ಹದಿನೈದನೇ ತಾರೀಖಿನದು ಬಂತು. ಗ್ಯಾರೇಜಿನಲ್ಲಿ ಬಿದ್ದಿರುತ್ತಿದ್ದೆ, ಹೂ ಸತ್ತದ್ದೂ ಗೊತ್ತಾಗುತ್ತಿರಲಿಲ್ಲ ಅಂತ. ಸುಳ್ಳಾಗಿದ್ದರೆ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಅದು ನಿಜ ಅಪ್ಪಾ. ಬಿದ್ದಿರುತ್ತಿದ್ದೆ. ಮೇಡಂ ಬಾಗಿಲ ತನಕ ಬಂದು ಬೇಡಿಕೊಂಡರು. ನಾನು ನಿಲ್ಲಲಿಲ್ಲ. ಊರೊಳಗೆ ಬಂದ ಮೊದಲ ಸೆರೆ ಅಂಗಡಿಗೇ ಹೋದೆ. ಅವತ್ತಿನಿಂದ ನಡೆದಿದೆ. ಇವತ್ತು ಬೆಳಿಗ್ಗೆ ಇನ್ನೂ ಮುಟ್ಟಿಲ್ಲ, ಬರೆಯುವ ಸಲುವಾಗಿ.

ಆ ಮನೆಯವರು ಮತ್ತೆ ಸೇರಿಸಿಕೊಳ್ಳುತ್ತಾರೆ, ಆದರೆ ಸರದಿ ಬರಬೇಕು. ಹೆಸರು ಕೊಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ.

ನೀನು ಇಲ್ಲಿಗೆ ಬರಬೇಡ. ಬಂದರೆ ನನ್ನನ್ನು ನೋಡುತ್ತೀ. ನೋಡಿ ಬೈಯುತ್ತೀ, ಇಲ್ಲವೇ ಬೈಯದೆ ಕೂರುತ್ತೀ. ಎರಡನ್ನೂ ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಆಶಾ

*

ನ್ಯೂಮಾರ್ಕೆಟ್
ಜೂನ್ ೧೩, ೨೦೨೫

ಆಶಾ,

ಪತ್ರ ಮುಟ್ಟಿತು. ಜೀವ ಇದ್ದೀ. ಅದನ್ನೇ ನಾಲ್ಕು ಸಲ ಓದಿ, ಆಮೇಲೆ ಉಳಿದದ್ದು ಓದಿದೆ.

ಬರಬೇಡ ಅಂದಿದ್ದೀ. ಬರುವುದಿಲ್ಲ. ಸಡ್ಬರಿಗೆ ಬಸ್ಸು ಎಲ್ಲಿಂದ ಹೊರಡುತ್ತದೆ ಅಂತ ಕೇಳಿಕೊಂಡು ಬಂದಿದ್ದೆ. ಚೀಲದಲ್ಲಿ ರೊಟ್ಟಿ ಕಟ್ಟಿಟ್ಟಿದ್ದೆ. ರಾಜಲಕ್ಷ್ಮಿ ಬಾಗಿಲಿಗೆ ಅಡ್ಡ ನಿಂತರು.

"ಅವಳು ಬರಬೇಡಿ ಅಂದಿದಾಳೆ ತಾನೆ?"

"ಮಗಳ್ರಿ ಅಕಿ. ಬ್ಯಾಡ ಅಂತಾಳ, ಅಂದ್ರ ಬಿಡಾಕ ಬರತೈತೇನು?"

"ಒಂದು ಸಲ ಅವಳು ಹೇಳಿದ ಹಾಗೆ ಮಾಡಿ ನೋಡಿ, ಕಳಕಪ್ಪನೋರೇ."

ಈ ಮೈಸೂರಿನವರು ಮೆತ್ತಗೆ ಮಾತಾಡಿ ಕುತ್ತಿಗೆ ಕೊಯ್ಯುತ್ತಾರೆ. ಚೀಲ ಕೆಳಗಿಟ್ಟೆ. ಇಷ್ಟು ವರ್ಷದಲ್ಲಿ ನಿನ್ನ ಮಾತು ಕೇಳಿದ್ದು ಇದೊಂದು ಸಲ. ಹೂವಿನ ವಿಷಯದಲ್ಲಿ ಕೇಳಬೇಕಿತ್ತು. ಈಗ ಕೇಳಿದ್ದರಿಂದ ಯಾರಿಗೆ ಏನು ಬಂತು?

ಗಿಡದ ಸುದ್ದಿ ನಿನಗೆ ಬೇಕೋ ಬೇಡವೋ, ನನ್ನ ಹತ್ತಿರ ಬೇರೆ ಸುದ್ದಿ ಇಲ್ಲ. ದಳ ಉದುರಿ, ತೊಟ್ಟು ಹಳದಿಯಾಗಿ, ಅವೂ ಉದುರಿದವು. ಒಂದಾದರೂ ಕಚ್ಚಿದ್ದೀತು ಅಂತ ಕೊಂಬೆ ಕೊಂಬೆ ಬಗ್ಗಿಸಿ ನೋಡಿದೆ. ಇಲ್ಲ. ಎಲೆ ಮಾತ್ರ ದಟ್ಟ ಬಂದಿವೆ. ದಾರಿಯಲ್ಲಿ ಹೋಗುವವರು ನೋಡಿದರೆ ಚಂದ ಇವೆ ಅಂತಾರೆ.

ಗಿಡ ಸತ್ತಿಲ್ಲ, ಮುಂದಿನ ವರ್ಷ ಮತ್ತೆ ಹೂ ಬರುತ್ತದೆ ಅಂತ ರಾಜಲಕ್ಷ್ಮಿ ಹೇಳಿದರು. ಬರಬಹುದು. ಅದನ್ನು ಸಮಾಧಾನ ಅಂತ ನಿನಗೆ ಬರೆಯುವುದಿಲ್ಲ. ಬರೆದರೆ ನೀನು ಅಲ್ಲಿ ಆ ಹಾಸಿಗೆಯ ಮೇಲೆ ಕೂತು, ಅಪ್ಪನಿಗೆ ಬೇಸರವಾದೀತು ಅಂತ, ಇಲ್ಲದ ಧೈರ್ಯ ತಂದುಕೊಂಡು ಉತ್ತರ ಬರೆಯುತ್ತೀ. ಬರೆದು ಲಕೋಟೆ ಅಂಟಿಸಿ, ಅಂಗಡಿಗೆ ಹೋಗುತ್ತೀ. ನಾನು ಇಲ್ಲಿ ಅದನ್ನು ಓದಿ ನನ್ನ ಮಗಳು ನೆಟ್ಟಗಾದಳು ಅಂತ ಮೀಸೆ ತಿರುವುತ್ತೇನೆ. ಒಂದು ಸಲ ಹಾಗೆ ಆಯಿತು. ಸಾಕು.

ನಾನು ಬರೆದದ್ದು ನಿಜ ಅಂದಿದ್ದೀ. ನಿಜವೋ ಸುಳ್ಳೋ, ಬರೆಯುವ ಮಾತಲ್ಲ ಅದು. ನನ್ನ ಮೇಲಿನ ಸಿಟ್ಟನ್ನು ನಿನ್ನ ಮೇಲೆ ಹಾಕಿದೆ. ಮಗ್ಗದಲ್ಲಿ ತಪ್ಪು ಎಳೆ ಬಂದರೆ ಬಿಚ್ಚಿ ಮತ್ತೆ ಹೆಣೆಯಬಹುದು. ಇದನ್ನು ಎಲ್ಲಿಂದ ಬಿಚ್ಚಲಿ? ದಾರಿ ಕಾಣದೆ ಕೂತಿದ್ದೇನೆ.

ಸರದಿಗೆ ಹೆಸರು ಕೊಡು ಅಂತ ಹೇಳಬೇಕು ಅನಿಸುತ್ತದೆ. ನಾನು ಹೇಳಿದರೆ ನೀನು ಕೊಡುವುದಿಲ್ಲ, ಅಥವಾ ನನ್ನ ಸಲುವಾಗಿ ಕೊಡುತ್ತೀ. ಎರಡೂ ನಿಲ್ಲುವ ಕೆಲಸವಲ್ಲ. ಹಾಗಾಗಿ ಹೇಳುವುದಿಲ್ಲ. ಹೇಳದೆ ಇರುವುದು ಹೇಗೆ ಅಂತ ನನಗೆ ಯಾರೂ ಕಲಿಸಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಬರೆಯುತ್ತಿದ್ದೇನೆ.

ಒಂದೇ ಬೇಡಿಕೆ. ಬರಿ. ಕುಡಿದ ದಿನ ಕುಡಿದೆ ಅಂತ ಬರಿ, ಅಕ್ಷರ ಸೊಟ್ಟವಿದ್ದರೂ ಓದಿಕೊಳ್ಳುತ್ತೇನೆ. ಕುಡಿಯದ ದಿನ ಕುಡಿಯಲಿಲ್ಲ ಅಂತ ಬರಿ. ಸಾಯಬೇಕು ಅನಿಸಿದರೆ ಬರೆಯುತ್ತ ಕೂರಬೇಡ, ಮೊದಲು ಆ ಲಾರಿಯವಳನ್ನು ಎಬ್ಬಿಸು, ಆಮೇಲೆ ಫೋನ್ ಹಚ್ಚು. ಒದರುವುದಿಲ್ಲ. ಒದರಿದರೆ ಫೋನ್ ಇಡು. ನನಗೆ ಬೈಯುವುದಿದ್ದರೆ ಹೊಟ್ಟೆ ತುಂಬ ಬೈ.

ಖುಷಿಯಾಯಿತು ಅಂತ ಮಾತ್ರ ನನ್ನ ಸಲುವಾಗಿ ಇನ್ನೊಮ್ಮೆ ಬರೆಯಬೇಡ.

ಅಪ್ಪ